ಹಿಂದಿನಿಂದ ಬರಬೇಕಾದ ಸದ್ದು

ನಮ್ಮ ಮನೆಯಲ್ಲಿ ಒಂದು ವಸ್ತು ಕೆಟ್ಟರೆ, ಅದು ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂಬ ಚರ್ಚೆ ಮೊದಲು ನಡೆಯುತ್ತದೆ. ಆ ಚರ್ಚೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆಟ್ಟಿರುತ್ತದೆ. ಈ ಸಲದ ಸರದಿ ಹೋಮ್ ಥಿಯೇಟರಿನದು.

ನಾನು ಓದಿದ್ದು ಭೌತಶಾಸ್ತ್ರ. ಕೆಲಸ ಮುಂಬಯಿಯ ಪರೇಲಿನ ಒಂದು ಲ್ಯಾಬಿನಲ್ಲಿ. ಆಸ್ಪತ್ರೆಗಳ ಥರ್ಮಾಮೀಟರು, ತಕ್ಕಡಿಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆಯುವುದು. ಮನೆ ಮುಲುಂಡಿನಲ್ಲಿ. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತೇ ವಯಸ್ಸಾದವರು. ಕೆಲಸ ಬಿಡುವ ದಿನ ಮಾಲೀಕರು, ಅಡುಗೆಯವರು, ಸಪ್ಲೈಯರುಗಳು ಎಲ್ಲ ಸೇರಿ ಅವರಿಗೆ ಹೋಮ್ ಥಿಯೇಟರ್ ಕೊಟ್ಟರು. ಐದು ಸ್ಪೀಕರು, ಢಂ ಢಂ ಅನ್ನುವ ಒಂದು ದೊಡ್ಡ ಪೆಟ್ಟಿಗೆ, ಇವಕ್ಕೆಲ್ಲ ಸದ್ದು ಹಂಚುವ ಒಂದು ರಿಸೀವರ್. "ಇಷ್ಟು ವರ್ಷ ತಟ್ಟೆ ಲೋಟದ ಸದ್ದು ಕೇಳಿದ್ದೀರಿ, ಇನ್ನು ಒಳ್ಳೆಯ ಸದ್ದು ಕೇಳಿ" ಎಂದು ಮಾಲೀಕರು ಹೇಳಿದ್ದರಂತೆ. ಮನೆಗೆ ಬಂದವರಿಗೆಲ್ಲ ಅಪ್ಪ ಈ ಮಾತು ಹೇಳುತ್ತಾರೆ. ಹೇಳುವಾಗ ರಿಸೀವರಿನ ಮೇಲೆ ಕೈ ಇಟ್ಟಿರುತ್ತಾರೆ.

ಆ ರಿಸೀವರಿನಿಂದ ಹಿಂದಿನ ಎರಡು ಸ್ಪೀಕರುಗಳಿಗೆ ಸದ್ದು ಹೋಗುವುದು ನಿಂತಿತ್ತು. ಹೊಸದು ತರೋಣ ಅಂದೆ.

೧. ದೋಷ ಯಾರದು

"ಹಿಂದಿನಿಂದ ಸದ್ದೇ ಬರ್ತಿಲ್ಲ ಅಪ್ಪಾ."

"ಈ ಸಿನಿಮಾದಲ್ಲಿ ಹಿಂದೆ ಎಂತದೂ ನಡೀತಾ ಇಲ್ಲ. ಸದ್ದು ಎಲ್ಲಿಂದ ಬರ್ತದೆ?"

ಯುದ್ಧದ ಸಿನಿಮಾ ಹಾಕಿದೆ. ಗುಂಡು, ಬಾಂಬು, ವಿಮಾನ, ಎಲ್ಲವೂ ಟಿವಿಯ ಕಡೆಯಿಂದಲೇ.

"ಶತ್ರುಗಳು ಎದುರಿನಿಂದಲೇ ಬರ್ತಾ ಇದ್ದಾರೆ. ಮರ್ಯಾದಸ್ಥರು" ಅಂದರು ಅಪ್ಪ.

ನಾನು ಕ್ರಮವಾಗಿ ಹೋದೆ. ಹಿಂದಿನ ಸ್ಪೀಕರುಗಳನ್ನು ಮುಂದಿನ ತಂತಿಗೆ ಜೋಡಿಸಿದೆ, ಹಾಡಿದವು. ಮುಂದಿನವನ್ನು ಹಿಂದಿನದಕ್ಕೆ ಜೋಡಿಸಿದೆ, ಸುಮ್ಮನಾದವು. ತಂತಿ ಬದಲಿಸಿದೆ, ವ್ಯತ್ಯಾಸವಿಲ್ಲ. ಸ್ಪೀಕರು ಸರಿ, ತಂತಿ ಸರಿ, ಉಳಿದದ್ದು ರಿಸೀವರ್ ಎಂದು ವಿವರಿಸಿದೆ.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಹೋಟೆಲಿನಲ್ಲಿ ಗಿರಾಕಿ ಸಾಂಬಾರಿಗೆ ಉಪ್ಪಿಲ್ಲ ಅಂದರೆ ಅವರು ಅಡುಗೆಮನೆಯ ಕಡೆ ನೋಡಿದವರಲ್ಲ, ಗಿರಾಕಿಯ ಮುಖ ನೋಡಿದವರು. ನನ್ನ ಮುಖವನ್ನೂ ಹಾಗೆಯೇ ನೋಡಿದರು.

"ನಾಳೆ ನಿನ್ನ ಕಿವಿ ತೋರಿಸಿಕೊಂಡು ಬಾ ಮಾರಾಯ್ತಿ. ಪರೇಲಿಗೇ ಹೋಗ್ತೀಯಲ್ಲ, ಆಸ್ಪತ್ರೆಗೆ ಬರ ಉಂಟಾ?"

೨. ತೋರಿಸುವ ಕೋಣೆ

ಸುಮ್ಮನೆ ನೋಡಿಕೊಂಡು ಬರೋಣ ಎಂದು ಅಪ್ಪ ಅಮ್ಮ ಇಬ್ಬರನ್ನೂ ಅಂಗಡಿಗೆ ಹೊರಡಿಸಿದೆ. ಅಲ್ಲಿ ಸಿನಿಮಾ ತೋರಿಸಲೆಂದೇ ಒಂದು ಕೋಣೆ. ಗೋಡೆಗೆ ಬಟ್ಟೆ, ನೆಲಕ್ಕೆ ಕಾರ್ಪೆಟ್, ನಡುವೆ ಸೋಫಾ. ಪ್ರಶ್ನೆ ಕೇಳುತ್ತಿದ್ದವಳು ನಾನು; ಸೇಲ್ಸ್‌ಮನ್ ಉತ್ತರ ಕೊಡುತ್ತಿದ್ದದ್ದು ಅಪ್ಪನಿಗೆ.

"ಅಂಕಲ್, ನಿಮ್ಮ ಸೋಫಾದ ಹಿಂದೆ ಎಷ್ಟು ಜಾಗ ಇದೆ?" ಎಂದು ಹಿಂದಿಯಲ್ಲಿ ಕೇಳಿದ.

"ಗೋಡೆ ಇದೆ" ಅಂದರು ಅಪ್ಪ.

"ಸೀಲಿಂಗಿನಲ್ಲೂ ಸ್ಪೀಕರ್ ಕೂರಿಸಬಹುದು."

"ಅಲ್ಲಿ ಬಟ್ಟೆ ಒಣಗಿಸ್ತೇವೆ."

ಸೇಲ್ಸ್‌ಮನ್ ಧೈರ್ಯ ಬಿಡದೆ ಒಂದು ಹೆಲಿಕಾಪ್ಟರ್ ಹಾರಿಸಿದ. ಅದು ಎಡಗಿವಿಯಿಂದ ಹೊರಟು, ನೆತ್ತಿಯ ಮೇಲೆ ಸುತ್ತಿ, ಬೆನ್ನ ಹಿಂದೆ ಇಳಿಯಿತು. ಅಪ್ಪ ಅಲ್ಲಾಡಲಿಲ್ಲ. ಅಮ್ಮ ಮಾತ್ರ ತಿರುಗಿ ನೋಡಿದಳು. ಅವಳ ಚಿಂತೆ ಬೇರೆ. ನಮ್ಮ ಸೋಫಾದ ಹಿಂದಿನ ಗೋಡೆಯಾಚೆ ಅಡುಗೆಮನೆ, ಅಲ್ಲಿ ನೀರಿನ ಡ್ರಮ್ಮು. ಬಿಲ್ಡಿಂಗಿಗೆ ನೀರು ಬರುವುದು ಸಂಜೆ, ಯಾವ ಗಳಿಗೆಯಲ್ಲೆಂದು ಹೇಳಲಾಗದು. ಅಮ್ಮ ಮೊದಲೇ ನಲ್ಲಿ ತಿರುಗಿಸಿ, ಪೈಪನ್ನು ಡ್ರಮ್ಮಿಗೆ ಇಳಿಬಿಟ್ಟು, ಟಿವಿ ಮುಂದೆ ಕೂರುತ್ತಾಳೆ. ಡ್ರಮ್ಮು ತುಂಬುತ್ತಾ ಬಂದಂತೆ ನೀರಿನ ಸದ್ದು ಬದಲಾಗುತ್ತದೆ. ಅದನ್ನು ಕೇಳಿಯೇ ಎದ್ದು ಹೋಗಿ ನಿಲ್ಲಿಸುತ್ತಾಳೆ.

"ಹಿಂದಿನಿಂದಲೂ ಸಿನಿಮಾದವರೇ ಸದ್ದು ಮಾಡಿದರೆ ನನಗೆ ಡ್ರಮ್ಮು ತುಂಬಿದ್ದು ಹೇಗೆ ಗೊತ್ತಾಗುದು?" ಅಂದಳು.

ಇದು ನಾನು ಓದಿದ ಯಾವ ರಿಸೀವರ್ ವಿಮರ್ಶೆಯಲ್ಲೂ ಇರದ ಅಂಶ. ಆದರೂ ಹೊರಡುವಾಗ ಅಮ್ಮ ಕಾರ್ಪೆಟ್ಟಿನ ಮೇಲೆ ಕಾಲಾಡಿಸಿ, ನಾಲ್ಕೂ ಗೋಡೆ ನೋಡಿ, ನನ್ನ ಕಿವಿಯಲ್ಲಿ ಕೇಳಿದಳು: "ಒಳ್ಳೇದುಂಟು. ಕೋಣೆ ಸೇರಿಸಿಯೇ ಕೊಡ್ತಾರಾ, ಕೇಳು."

೩. ಗೋಡೆಯಾಚೆ

ನಮ್ಮ ಟಿವಿಯ ಗೋಡೆಯಾಚೆ ಒಬ್ಬರು ಮರಾಠಿ ಕಾಕು, ಅಂದರೆ ಚಿಕ್ಕಮ್ಮ, ಒಬ್ಬರೇ ಇರುತ್ತಾರೆ. ಒಂದು ಭಾನುವಾರ ಸಿನಿಮಾ ಮುಗಿದ ಮೇಲೆ ಬಂದು ಬಾಗಿಲು ತಟ್ಟಿದರು. ಮುಖ ಗಂಭೀರ. ಬಿಲ್ಡಿಂಗಿನ ಸೊಸೈಟಿಗೆ ದೂರು ಕೊಡುವ ಮೊದಲಿನ ಭೇಟಿ ಎಂದುಕೊಂಡು ನಾನೇ ಶುರುಮಾಡಿದೆ.

"ಸಾರಿ ಕಾಕು, ಇನ್ನು ಸದ್ದು ಕಡಿಮೆ ಇಡ್ತೇವೆ."

"ಕಡಿಮೆಯಾ? ಬೇಡಪ್ಪಾ. ನನಗೆ ಬರೀ ಢಂ ಢಂ ಕೇಳಿಸ್ತದೆ, ಮಾತೇ ಕೇಳಿಸುವುದಿಲ್ಲ" ಎಂದು ಮರಾಠಿಯಲ್ಲಿ ಅಂದರು. "ಹೊಸದು ತರ್ತೀಯಂತಲ್ಲ. ಮಾತು ಚೆನ್ನಾಗಿ ಕೇಳುವಂಥದ್ದು ನೋಡು."

ಆಯಿತೆಂದೆ. ಅವರು ಹೋಗಲಿಲ್ಲ. ಅಡ್ಡಗೋಡೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಈಗ ಕೊನೆಗೆ ಸತ್ತದ್ದು ಯಾರು?"

೪. ಪರೀಕ್ಷೆ

ಚರ್ಚೆ ಮುಗಿಸಲು ಒಂದೇ ದಾರಿ ಉಳಿದಿತ್ತು. ಲ್ಯಾಬಿನ ಸಹೋದ್ಯೋಗಿಯೊಬ್ಬಳಿಂದ ಹೊಸ ರಿಸೀವರನ್ನು ಒಂದು ದಿನಕ್ಕೆ ಕೇಳಿ ತಂದೆ. ಕಣ್ಣು ಕಟ್ಟಿಕೊಂಡು ಎರಡನ್ನೂ ಕೇಳುವುದು. ಯಾವುದು ಯಾವುದೆಂದು ಕೂತವರಿಗೆ ಗೊತ್ತಿರಬಾರದು.

"ಆಗಲಿ" ಅಂದರು ಅಪ್ಪ. "ನನ್ನದು ಸೋತರೆ ಗುಜರಿಯವನಿಗೆ ನಾನೇ ಕೊಡ್ತೇನೆ. ಧಾರಾವಿಯಲ್ಲಿ ಬಿಚ್ಚಿ ತಾಮ್ರ ತೆಗೀಲಿ. ಗೆದ್ದರೆ ನೀನು ಮತ್ತೆ ಈ ಸುದ್ದಿ ಎತ್ತಬಾರದು."

ತಮಾಷೆಯಾಗಿಯೇ ಅಂದರು. ಆದರೆ ಬೆಳಿಗ್ಗೆ ಅವರು ಹಳೆಯ ರಿಸೀವರಿನ ಧೂಳು ಒರೆಸುತ್ತಾ ಬಹಳ ಹೊತ್ತು ನಿಂತಿದ್ದನ್ನು ನಾನು ನೋಡಿದ್ದೆ.

ಸಂಜೆ ಸೋಫಾದ ಮೇಲೆ ಅಪ್ಪ, ಅಮ್ಮ, ತಟಸ್ಥ ಸಾಕ್ಷಿಯಾಗಿ ಕಾಕು. ಮೂವರ ಕಣ್ಣಿಗೂ ಮೈ ಒರೆಸುವ ಬೈರಾಸು ಕಟ್ಟಿದೆ. ಕಣ್ಣು ಕಟ್ಟಿದ್ದರೂ ಥಿಯೇಟರು ಅಂದಮೇಲೆ ಕತ್ತಲೆ ಇರಬೇಕೆಂದು ಅಪ್ಪ ಹಟ ಹಿಡಿದರು. ದೀಪವನ್ನೂ ಆರಿಸಿದೆ. ಎರಡು ರಿಸೀವರಿನ ಸದ್ದನ್ನೂ ಸಮನಾಗಿ ಇಟ್ಟು, ಒಂದು ಜೋರು ಮಳೆಯ ದೃಶ್ಯ ಆರಿಸಿಕೊಂಡೆ.

ಮೊದಲು ಹೊಸದು. ಮಳೆ ನಾಲ್ಕೂ ಕಡೆಯಿಂದ ಸುರಿಯಿತು. ನನಗೇ ಮೈ ನವಿರೆದ್ದಿತು.

"ನಲ್ಲಿ ನೀರು ಬಿಟ್ಟ ಹಾಗುಂಟು" ಅಂದರು ಅಪ್ಪ. "ಮಳೆಯ ಕಳೆ ಇಲ್ಲ."

ತಂತಿ ಬದಲಿಸಿ ಹಳೆಯದನ್ನು ಜೋಡಿಸಿದೆ. ಅದೇ ದೃಶ್ಯ. ಮಳೆ ಟಿವಿಯ ಕಡೆ ಮಾತ್ರ ಬಿತ್ತು. ಮೂವರೂ ಇನ್ನೊಮ್ಮೆ ಹಾಕು ಎಂದರು, ಹಾಕಿದೆ. ಮತ್ತೊಮ್ಮೆ ಅಂದರು, ಮತ್ತೊಮ್ಮೆ ಹಾಕಿದೆ. ಆಗ ಅಮ್ಮ ತಲೆ ಓರೆ ಮಾಡಿದಳು.

"ಅಯ್ಯೋ, ಹಿಂದಿನಿಂದ ಬಂತು!"

"ಬಂತು, ಬಂತು" ಅಂದರು ಕಾಕು. "ಮಸ್ತ್!"

ನನಗೂ ಕೇಳಿಸಿತು. ಸತ್ತ ಚಾನೆಲ್ಲಿನಿಂದ ಮಳೆಯ ಸದ್ದು. ಅದು ಅಸಾಧ್ಯ, ಆದರೆ ಅಸಾಧ್ಯವಾದದ್ದು ಕಣ್ಣೆದುರು ನಡೆದರೆ ಮೊದಲು ಜೋಡಣೆ ಪರೀಕ್ಷಿಸಬೇಕು ಎಂದು ನಮಗೆ ಕಲಿಸಿದ್ದಾರೆ. ಟಾರ್ಚು ಹಿಡಿದು ಶೆಲ್ಫಿನ ಹಿಂದೆ ತಲೆ ಹಾಕಿ ಒಂದೊಂದೇ ತಂತಿ ನೋಡಿದೆ. ಎಲ್ಲ ಸರಿಯಿತ್ತು. ಮಳೆ ಇನ್ನೂ ಜೋರಾಯಿತು.

"ನೋಡು, ಎಂಥ ಚಂದ" ಅಂದರು ಅಪ್ಪ, ಕಣ್ಣು ಕಟ್ಟಿಕೊಂಡೇ. "ಇದು ಖಂಡಿತ ಹೊಸದು. ಒಪ್ಪಿದೆ ಮಾರಾಯ್ತಿ, ನಾನು ಸೋತೆ. ಸದ್ದು ಬಿಡು, ಕಾಲಿಗೆ ತಂಪೂ ಗೊತ್ತಾಗ್ತದೆ. ಇದನ್ನೇ ತಗೋ."

ನಾನು ಟಾರ್ಚನ್ನು ನೆಲಕ್ಕೆ ತಿರುಗಿಸಿದೆ. ಅಡುಗೆಮನೆಯ ಬಾಗಿಲಿನಿಂದ ಬಂದ ನೀರು ಸೋಫಾದ ಕಾಲು ದಾಟಿ ನನ್ನ ಕಡೆಗೆ ಬರುತ್ತಿತ್ತು.

"ಡ್ರಮ್ಮು!" ಎಂದು ಅಮ್ಮ ಬೈರಾಸಿನ ಸಮೇತ ಓಡಿದಳು. ಅಪ್ಪ ಕಣ್ಣಿನ ಕಟ್ಟು ಬಿಚ್ಚಿದರು. ನೆಲ ನೋಡಿದರು. ಒದ್ದೆಯಾದ ಲುಂಗಿ ನೋಡಿದರು. ಕೊನೆಗೆ ಶೆಲ್ಫಿನ ಮೇಲೆ ಹಸಿರು ದೀಪ ಹೊತ್ತಿಸಿಕೊಂಡು ನಿಂತಿದ್ದ ತಮ್ಮ ಹಳೆಯ ರಿಸೀವರನ್ನು ನೋಡಿದರು.

"ಈ ಪರೀಕ್ಷೆ ಲೆಕ್ಕಕ್ಕಿಲ್ಲ" ಅಂದೆ.

"ಕಣ್ಣು ಕಟ್ಟಿದ್ದು ಯಾರು?"

"ನಾನು."

"ಹಿಂದಿನಿಂದ ಸದ್ದು ಬಂತಾ, ಇಲ್ಲವಾ?"

"ಬಂತು. ಆದರೆ..."

"ಮತ್ತೆಂತ?" ಎಂದು ಅಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ನೀರಲ್ಲೇ ನಡೆದು ಹೋಗಿ ರಿಸೀವರಿನ ಮೇಲೆ ಕೈ ಇಟ್ಟರು.

ಕಾಕು ಸೀರೆ ಹಿಂಡಿಕೊಂಡು ಅಪ್ಪನ ಪರವಾಗಿ ಮತ ಹಾಕಿದರು. ಹೊಸದನ್ನು ಮರುದಿನ ವಾಪಸ್ ಕೊಟ್ಟೆ. ಹಳೆಯದು ಅಲ್ಲೇ ಇದೆ. ಅದರಲ್ಲಿ ಎಂತದೂ ದೋಷವಿಲ್ಲ ಎಂದು ಅಪ್ಪ ಈಗಲೂ ಎಲ್ಲರಿಗೂ ಹೇಳುತ್ತಾರೆ. ಮಳೆಯ ದೃಶ್ಯ ಬಂದಾಗ ಮಾತ್ರ ಎರಡೂ ಕಾಲನ್ನು ಸೋಫಾದ ಮೇಲೆ ಎತ್ತಿಟ್ಟುಕೊಳ್ಳುತ್ತಾರೆ.