ಆರೂವರೆ ಅಡಿಯ ಭೂತ

ಶಕುಂತಲಮ್ಮನ ಜಗಲಿಯ ಬಲ್ಬು ಕೆಟ್ಟುಹೋಗದಿದ್ದರೆ ಧರ್ಮೇಶನ ಆ ಶನಿವಾರವೂ ಉಳಿದೆಲ್ಲ ಶನಿವಾರಗಳಂತೆ, ಯಾರೊಂದಿಗೂ ಒಂದು ಮಾತಿಲ್ಲದೆ, ಕ್ಷೇಮವಾಗಿ ಮುಗಿದುಹೋಗುತ್ತಿತ್ತು.

ಕುಶಾಲನಗರದ ಕಡೆಯ ಧರ್ಮೇಶ ಪೊನ್ನಂಪೇಟೆಯ ಕಾಲೇಜೊಂದರ ಲೈಬ್ರರಿಗೆ ಅಟೆಂಡರಾಗಿ ಬಂದು ಎಂಟು ತಿಂಗಳಾಗಿತ್ತು. ಎತ್ತರ ಆರೂವರೆ ಅಡಿ. ಜನ ಅವನನ್ನು ಬೀದಿಯ ದೀಪದ ಕಂಬ ನೋಡಿದಂತೆ ಒಮ್ಮೆ ಕತ್ತೆತ್ತಿ ನೋಡಿ, ಮುಂದೆ ಹೋಗುತ್ತಿದ್ದರು. ಲೈಬ್ರರಿಯಲ್ಲಿ ಕಪಾಟಿನ ಮೇಲಿನ ಹಲಗೆಯ ಪುಸ್ತಕ ಬೇಕಾದಾಗ ಮಾತ್ರ ಅವನ ನೆನಪು. "ಅದಲ್ಲ, ಪಕ್ಕದ್ದು" ಎನ್ನುವುದೇ ಎಷ್ಟೋ ದಿನ ಅವನ ಕಿವಿಗೆ ಬಿದ್ದ ಒಟ್ಟು ಸಂಭಾಷಣೆ. ಸಂಜೆ ರೂಮಿನಲ್ಲಿ ಒಬ್ಬನಿಗೆಂದು ಅಕ್ಕಿ ಹಾಕಿದರೂ ಹೇಗೋ ಇಬ್ಬರಿಗಾಗುವಷ್ಟು ಅನ್ನವಾಗುತ್ತಿತ್ತು. ಆ ಎರಡನೆಯವರು ಮಾತ್ರ ಬರುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಪಕ್ಕದ ಮನೆಯ ಶಕುಂತಲಮ್ಮ ಹೊಸ ಬಲ್ಬನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಸ್ಟೂಲು ತರಲು ಒಳಗೆ ಹೋದರು. ದಾರಿಯಲ್ಲಿ ಹೊರಟಿದ್ದ ಧರ್ಮೇಶ ಇದನ್ನು ಕಂಡು ಜಗಲಿ ಹತ್ತಿ, ನಿಂತಲ್ಲಿಂದಲೇ ಕೈ ಚಾಚಿ ಬಲ್ಬು ಹಾಕಿಬಿಟ್ಟ. ಸ್ಟೂಲು ಹಿಡಿದು ಹೊರಬಂದ ಶಕುಂತಲಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಬ್ಬ! ನೀವು ಭೂತವೇ ಮಾರಾಯ್ರೆ!"

ಧರ್ಮೇಶನ ಮುಖ ಸಪ್ಪಗಾಯಿತು. ಎಂಟು ತಿಂಗಳಲ್ಲಿ ಅಕ್ಕಪಕ್ಕದವರು ಆಡಿದ ಮೊದಲ ಮಾತು ಇದು! "ಬರ್ತೀನಮ್ಮ" ಎಂದವನೇ ಬಿರಬಿರನೆ ಕೆಳಗಿಳಿದ.

ತಿರುವಿನಲ್ಲಿ ಒಂದು ಜೀಪಿನ ಹಿಂದಿನ ಚಕ್ರ ಚರಂಡಿಗೆ ಇಳಿದಿತ್ತು. ಜೀಪಿನ ತುಂಬ ಬಾಡಿಗೆ ಕುರ್ಚಿ. ಡ್ರೈವರ್ ಜಬ್ಬಾರ್ ಇಂಜಿನ್ನನ್ನು ರೊಂಯ್ಯೆನ್ನಿಸಿದಷ್ಟೂ ಚಕ್ರ ಒಳಕ್ಕೇ ಹೋಗುತ್ತಿತ್ತು. ಮನಸ್ಸಿನ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಧರ್ಮೇಶ ಹಿಂದಿನಿಂದ ಎತ್ತಿ ತಳ್ಳಿದ. ಜೀಪು ಮೇಕೆಮರಿಯಂತೆ ಜಿಗಿದು ರಸ್ತೆಗೆ ಬಂತು.

ಜಬ್ಬಾರ್ ಇಳಿದು ಓಡಿಬಂದು ಅವನ ಎರಡೂ ಕೈ ಹಿಡಿದ. "ದೇವ್, ಸಾರ್! ನೀವು ದೇವ್!"

ಧರ್ಮೇಶನ ಕಣ್ಣು ತುಂಬಿಬಂತು.

"ನನ್ನ ಮಗಳು ನರ್ಸಿಂಗ್ ಪಾಸಾದ್ಲು ಸಾರ್. ಇವತ್ತು ಸಂಜೆ ಮನೇಲಿ ಊಟ. ನೀವು ಬರ್ಲೇಬೇಕು. ನಂಬರ್ ಕೊಡಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಧರ್ಮೇಶ ನಂಬರ್ ಕೊಟ್ಟ, ಜಬ್ಬಾರನ ನಂಬರನ್ನೂ ತೆಗೆದುಕೊಂಡ. ಲೈಬ್ರರಿಯವರೆಗಿನ ದಾರಿಯಲ್ಲಿ ಸಂಜೆ ಯಾವ ಶರ್ಟು ಹಾಕುವುದೆಂದು ಮೂರು ಸಲ ತೀರ್ಮಾನಿಸಿ ಮೂರು ಸಲ ಬದಲಾಯಿಸಿದ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಎಂಟು ತಿಂಗಳ ಮೇಲೆ ಹೇಳಿಕೊಳ್ಳಲು ಒಂದು ಸುದ್ದಿ ಸಿಕ್ಕಿದೆ. ಅದನ್ನು ಯಾರಿಗಾದರೂ ಹೇಳದಿರುವುದು ಹೇಗೆ? ಲೈಬ್ರೇರಿಯನ್ ಅನಿಲ್‌ಕುಮಾರ್ ಮುಂದೆ ಎರಡೂ ಪ್ರಸಂಗ ಹೇಳಿಬಿಟ್ಟ. ಅನಿಲ್‌ಕುಮಾರ್ ಪುತ್ತೂರಿನ ಕಡೆಯವರು. ಪುಸ್ತಕ ಕೇಳಿದವರಿಗೆ ಪುಸ್ತಕದ ಜೊತೆ ಒಂದು ಭಾಷಣವನ್ನೂ ಕೊಟ್ಟು ಕಳಿಸುವವರು.

"ತಡೀರಿ, ತಡೀರಿ," ಅವರು ಕನ್ನಡಕ ಏರಿಸಿದರು. "ಜಬ್ಬಾರ್ ಅಂದದ್ದು ದೇವರು ಅಂತಲೋ, ದೇವ್ ಅಂತಲೋ?"

"ದೇವ್ ಅಂತ ಸಾರ್."

"ಹೋಯ್ತು! ಉರ್ದುವಿನಲ್ಲಿ ದೇವ್ ಅಂದ್ರೆ ದೇವರಲ್ಲ ಧರ್ಮೇಶ್, ರಾಕ್ಷಸ. ಅಜ್ಜಿ ಕತೆಗಳಲ್ಲಿ ಗುಹೆಯಲ್ಲಿರ್ತಾನಲ್ಲ, ಬೆಟ್ಟದಷ್ಟು ದೊಡ್ಡವನು, ಅವನು. ನಮ್ಮಲ್ಲಿ ಅಸುರ ಕೆಟ್ಟವನಾದ, ಪರ್ಷಿಯಾದ ಕಡೆ ದೇವ ಕೆಟ್ಟವನಾದ. ಒಂದೇ ಮಾತು, ಗಡಿ ದಾಟಿದ್ರೆ ಕೋರೆಹಲ್ಲು ಬರ್ತದೆ!"

ಧರ್ಮೇಶ ಹತ್ತಿರದ ಬೆಂಚಿನ ಮೇಲೆ ಕುಸಿದ.

"ಇನ್ನು ಶಕುಂತಲಮ್ಮ. ಅವರು ತುಳುನಾಡಿನವರು, ಅಲ್ವಾ? ನಮ್ಮಲ್ಲಿ ಭೂತ ಅಂದ್ರೆ ನಿಮ್ಮ ಸ್ಮಶಾನದ ಭೂತ ಅಲ್ಲ. ಊರು ಕಾಯುವ ದೈವ! ಹೇಳುವಾಗ ಕೈ ಎಲ್ಲಿತ್ತು?"

"ಎದೆ ಮೇಲೆ."

"ಭಕ್ತಿ!" ಅನಿಲ್‌ಕುಮಾರ್ ಮೇಜು ಕುಟ್ಟಿದರು. "ಪೂಜಿಸಿದವರಿಗೆ ಮುಖ ತಿರುಗಿಸಿದಿರಿ, ಬೈದವನ ಮನೆಗೆ ಊಟಕ್ಕೆ ಹೊರಟಿದ್ದೀರಿ. ಎಂಥಾ ಮನುಷ್ಯ ನೀವು!"

ಮಧ್ಯಾಹ್ನದ ಬಿಡುವಿನಲ್ಲಿ ಧರ್ಮೇಶ ಸೀದಾ ಜೀಪ್ ಸ್ಟ್ಯಾಂಡಿಗೆ ನಡೆದ. ಜಬ್ಬಾರ್ ನಾಲ್ಕು ಜನರೊಂದಿಗೆ ಟೀ ಕುಡಿಯುತ್ತಿದ್ದ. ಇವನನ್ನು ಕಂಡು ನಗುತ್ತ ಎದ್ದು ನಿಂತ. ಇನ್ನೊಂದು ಟೀಗೆ ಕೈಯನ್ನೂ ಎತ್ತಿದ.

"ಸಹಾಯ ಮಾಡಿದವನನ್ನ ರಾಕ್ಷಸ ಅನ್ನೋಕೆ ನಾಚಿಕೆ ಆಗ್ಲಿಲ್ವೇನ್ರೀ?" ಧರ್ಮೇಶನ ದನಿ ಅವನ ಎತ್ತರಕ್ಕೆ ತಕ್ಕಂತೆಯೇ ಇತ್ತು. ರಸ್ತೆಯಾಚೆಯ ಅಂಗಡಿಯವರೂ ಎದ್ದು ನೋಡಿದರು. "ಸಂಜೆ ಊಟಕ್ಕೆ ಒಬ್ಬ ರಾಕ್ಷಸ ಕಮ್ಮಿ ಅಂತ ಲೆಕ್ಕ ಹಾಕ್ಕೊಳ್ಳಿ!"

ಜಬ್ಬಾರ್ ಬಾಯಿ ತೆರೆದ. ಅದರಿಂದ ಮಾತು ಹೊರಡುವ ಮೊದಲೇ ಧರ್ಮೇಶ ನಾಲ್ಕು ಹೆಜ್ಜೆಯಲ್ಲಿ ತಿರುವು ದಾಟಿದ್ದ.

ಸಂಜೆ ಅರ್ಧ ಕೆಜಿ ಮೈಸೂರ್ ಪಾಕ್ ಕಟ್ಟಿಸಿಕೊಂಡು ಶಕುಂತಲಮ್ಮನ ಮನೆಗೆ ಹೋದ. ಎಂಟು ತಿಂಗಳಲ್ಲಿ ಅವನು ತಟ್ಟಿದ ಮೊದಲ ಬಾಗಿಲು ಅದು.

"ಅಮ್ಮ, ತಪ್ಪಾಯ್ತು. ಬೆಳಿಗ್ಗೆ ನೀವು ಭೂತ ಅಂದಾಗ ಬೇಜಾರು ಮಾಡ್ಕೊಂಡೆ. ನೀವು ಅಂದದ್ದು ದೈವ ಅಂತ ಆಮೇಲೆ ಗೊತ್ತಾಯ್ತು."

ಶಕುಂತಲಮ್ಮ ಮೈಸೂರ್ ಪಾಕ್ ತೆಗೆದುಕೊಂಡರು.

"ದೈವವಾ? ನಿಮ್ಮನ್ನಾ? ಛೆ ಛೆ, ಹಾಗೆಲ್ಲ ಹೇಳಬಾರದು, ಅಪಚಾರ ಆಗ್ತದೆ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ನಿಮ್ಮ ಹತ್ರ ನಿಮ್ಮ ಕನ್ನಡದಲ್ಲೇ ಹೇಳಿದ್ದು. ನೀವು ಬರುವುದು ಗೊತ್ತಾಗುವುದಿಲ್ಲ, ಹೋಗುವುದು ಗೊತ್ತಾಗುವುದಿಲ್ಲ. ಒಂದು ಮಾತಿಲ್ಲ, ಒಬ್ಬ ನೆಂಟರಿಲ್ಲ, ಒಂದು ಟಿವಿ ಸದ್ದಿಲ್ಲ. ಆ ಮನೆಯಲ್ಲಿ ಜನ ಉಂಟಾ ಇಲ್ವಾ ಅಂತ ನಮಗೆಲ್ಲ ಅನುಮಾನ. ಬೆಳಿಗ್ಗೆ ಸದ್ದಿಲ್ಲದೆ ನಿಂತದ್ದು ನೋಡಿ ನನ್ನ ಜೀವವೇ ಹೋಯ್ತು!"

ಧರ್ಮೇಶ ಜಗಲಿಯಿಂದ ಇಳಿದ. ಇವರು ಕನ್ನಡದಲ್ಲಿ ಹೇಳಿದ್ದಾದರೆ, ಜಬ್ಬಾರ್ ಹೇಳಿದ್ದು? ಜಬ್ಬಾರನ ನಂಬರ್ ಒತ್ತಿದ. ಆ ಕಡೆ ನಗು, ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಊಟಕ್ಕೆ ಏಳಿಸುತ್ತಿರುವ ಗದ್ದಲ.

"ಜಬ್ಬಾರ್ ಅವ್ರೇ, ನಾನು ಧರ್ಮೇಶ. ಬೆಳಿಗ್ಗೆ ನೀವು ದೇವ್ ಅಂದ್ರಲ್ಲ, ಅದು..."

"ದೇವ್ರು ಅಂದೆ ಸಾರ್. ಕನ್ನಡದಲ್ಲೇ ಅಂದೆ. ಕುರ್ಚಿ ತಲುಪಿಸೋ ಅವಸರ, 'ರು' ಬಾಯಲ್ಲೇ ಉಳೀತು."

"ಅಯ್ಯೋ! ನನಗೆ ಯಾರೋ ಬೇರೆ ಅರ್ಥ ಹೇಳಿಬಿಟ್ರು..."

"ಗೊತ್ತಾಯ್ತು ಸಾರ್. ಮನೆಗೆ ಬಂದು ನಮ್ಮ ಅಮ್ಮೀನ ಕೇಳ್ದೆ," ಜಬ್ಬಾರ್ ಸಿಟ್ಟಿಲ್ಲದ, ದಣಿದ ದನಿಯಲ್ಲಿ ಹೇಳಿದ. "ಆ ಅರ್ಥಾನೂ ಇದೆಯಂತೆ. ಸ್ಟ್ಯಾಂಡಲ್ಲಿ ನಿಮ್ಮನ್ನ ನೋಡಿದ ಮೇಲೆ ನಂಗೂ ಅದೇ ಸರಿ ಅನ್ಸ್ತು."

ಫೋನು ಕಟ್ಟಾಯಿತು. ಧರ್ಮೇಶ ರೂಮಿಗೆ ಹೋಗಿ, ಊಟಕ್ಕೆ ಹಾಕಬೇಕೆಂದಿದ್ದ ನೀಲಿ ಶರ್ಟನ್ನು ಗೂಟದಿಂದ ತೆಗೆದು ಮಡಿಚಿ ಪೆಟ್ಟಿಗೆಗೆ ಹಾಕಿ, ಅನ್ನಕ್ಕೆ ನೀರಿಟ್ಟ.