ಸಿಡಿ ಡ್ರೈವ್ ಹುದ್ದೆಯ ಹೆಚ್ಚುವರಿ ಪ್ರಭಾರ

ಜನನ ನೋಂದಣಿ ಕಚೇರಿಯ ದಾಖಲೆಯ ಪ್ರಕಾರ, ಕಳೆದ ನಲವತ್ತೊಂದು ದಿನಗಳಲ್ಲಿ ಊರಿನಲ್ಲಿ ಒಂದು ಮಗುವೂ ಹುಟ್ಟಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಹಾಸಿಗೆಗೆ ಮೂವರಂತೆ ಬಾಣಂತಿಯರು ಅಡ್ಡಡ್ಡ ಮಲಗಿದ್ದರು, ಕೂಸುಗಳ ಕಿರುಚಾಟಕ್ಕೆ ಬೀದಿದೀಪಗಳು ಒಡೆದಿದ್ದವು. ಅದು ಬೇರೆ ಮಾತು. ಕಚೇರಿಯ ಹಳೇ ಲ್ಯಾಪ್‌ಟಾಪಿನ ಹೊಟ್ಟೆ ತುಂಬಿತ್ತು. ಇನ್ನೊಂದು ಹೆಸರಿಗೆ ಜಾಗವಿರಲಿಲ್ಲ. ಹೆಸರೇರದೆ ಹುಟ್ಟುವುದು ನಿಯಮಬಾಹಿರ.

ಲ್ಯಾಪ್‌ಟಾಪೆಂದರೆ ಅಂತಿಂಥದ್ದಲ್ಲ. ಇಬ್ಬರು ಎತ್ತಿ ಹಿಡಿದರೆ ಮೂರನೆಯವನು ಮುಚ್ಚಳ ತೆಗೆಯಬೇಕು, ಅಂಥ ಚಪ್ಪಡಿ!

ಅದರ ಮುಂದೆ ಕೂರುವ ಗುಮಾಸ್ತನಿಗೆ ಇದೇನೂ ತಲೆಬಿಸಿಯಾಗಿರಲಿಲ್ಲ, ಸ್ವಂತ ಮಗಳೇ ಹೆತ್ತು ಕೂರುವ ತನಕ.

"ಅಪ್ಪಾ, ಲಸಿಕೆ ಹಾಕಿಸೋಕೆ ಹೋದ್ರೆ 'ಮೊದ್ಲು ಹುಟ್ಟಿಸ್ಕೊಂಡು ಬಾಮ್ಮ' ಅಂತ ವಾಪಸ್ ಕಳಿಸಿದ್ರು! ಶುಕ್ರವಾರ ಕೊನೇ ದಿನವಂತೆ. ಏನ್ ಮಾಡ್ತೀಯೋ ಗೊತ್ತಿಲ್ಲ."

ಗುಮಾಸ್ತ ಓಡಿಹೋಗಿ ರಿಪೇರಿಯವನನ್ನು ಕರೆತಂದ. ಅವನು ಲ್ಯಾಪ್‌ಟಾಪನ್ನು ಮಗುಚಿ ನೋಡಿ ನಕ್ಕ. "ಇಷ್ಟೇನಾ? ಈ ಸಿಡಿ ಡ್ರೈವ್ ಈಗ ಯಾರಿಗೆ ಬೇಕು ಸ್ವಾಮಿ? ಕಿತ್ತುಹಾಕಿ, ಆ ಗೂಡಲ್ಲಿ ಇನ್ನೊಂದು ಡಿಸ್ಕ್ ಕೂರಿಸ್ತೀನಿ. ಊರಿನ ಮರಿಮೊಮ್ಮಕ್ಕಳೂ ಹಿಡಿಸ್ತಾರೆ."

"ಕಿತ್ತುಹಾಕೋದಾ?" ಕಚೇರಿಯ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅದು ಮಂಜೂರಾದ ಹುದ್ದೆ ಕಣ್ರೀ! ಆ ಜಾಗಕ್ಕೆ ಬರೋನಿಗೂ ಅದೇ ಅರ್ಹತೆ ಇರ್ಬೇಕು."

ಹೊಸ ಡಿಸ್ಕಿಗೆ ಸಂದರ್ಶನ ಏರ್ಪಾಡಾಯಿತು. ಅದನ್ನು ಕುರ್ಚಿಯ ಮೇಲೆ ಕೂರಿಸಿ, ಮೂವರು ಅಧಿಕಾರಿಗಳು ಎದುರು ಕೂತರು.

"ಗುಂಡಿ ಒತ್ತಿದರೆ ತಟ್ಟೆ ಹೊರಗೆ ಚಾಚುವಿರಾ?"

ಡಿಸ್ಕು ಸುಮ್ಮನಿತ್ತು.

"ಇಟ್ಟದ್ದನ್ನು ಒಳಗೆಳೆದು, ತಿರುಗಿಸಿ, ಓದುವಿರಾ?"

ಅದಕ್ಕೂ ಸುಮ್ಮನೆ.

'ಅಭ್ಯರ್ಥಿ ವಿನಯವಂತ, ಆದರೆ ಅನರ್ಹ' ಎಂದು ಷರಾ ಬರೆಯಲಾಯಿತು.

ಗುಮಾಸ್ತ ಕೈಮುಗಿದ. "ಸಾರ್, ಆ ಕೆಲಸ ನಾನು ಮಾಡ್ತೀನಿ. ಡಿಸ್ಕನ್ನ ಒಳಗೆ ಬಿಟ್ಬಿಡಿ."

ಆದೇಶ ಹೊರಬಿತ್ತು: "ಗುಂಡಿ ಒತ್ತಿದ ಕೂಡಲೇ ಪ್ರಭಾರಿಯು ಬಲಗೈಯನ್ನು ಅಂಗೈ ಮೇಲಾಗಿ ಚಾಚತಕ್ಕದ್ದು. ಅದರಲ್ಲಿ ಇಟ್ಟದ್ದು ಏನೇ ಇರಲಿ, ಒಳಗೆಳೆದುಕೊಂಡು, ಮೂರು ಸುತ್ತು ತಿರುಗಿ, ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಗುರ್ರೆಂಬ ಸದ್ದು ಕಡ್ಡಾಯ."

ಡಿಸ್ಕು ಗೂಡು ಸೇರಿತು, ಹಳೇ ಡ್ರೈವಿನ ಗುಂಡಿ ಮಾತ್ರ ಇದ್ದಲ್ಲೇ ಉಳಿಯಿತು. ಪರೀಕ್ಷೆಗೆಂದು ರಿಪೇರಿಯವನು ಗುಂಡಿ ಒತ್ತಿದ, ಗುಮಾಸ್ತ ಕೈ ಚಾಚಿದ. ಕಿಟಕಿಯಾಚೆಯ ಜನಕ್ಕೆ ಆ ಭಂಗಿ ಹೊಸದೇನಲ್ಲವಲ್ಲ! ಮೈಲುದ್ದ ಸಾಲು ನಿಂತು, ಕಿಟಕಿಯೊಳಗೆ ಕೈ ತೂರಿಸಿ ತಾವೇ ಗುಂಡಿ ಒತ್ತಿ ಒತ್ತಿ, ಕೈಗೆ ಸಿಕ್ಕಿದ್ದನ್ನೆಲ್ಲ ಇಡತೊಡಗಿದರು.

"ಗುರ್ರ್... ಮಡಿಸಿದ ನೋಟು! ಗುರ್ರ್... ಬಾಳೆಹಣ್ಣು, ಸ್ವಲ್ಪ ಕಾಯಿ! ಗುರ್ರ್... ಇನ್ನೊಂದು ನೋಟು!"

ಬುಗುರಿಯಂತೆ ತಿರುಗುತ್ತಿದ್ದ ಬಡಪಾಯಿಗೆ ಮೊಮ್ಮಗಳ ಹೆಸರು ಟೈಪು ಮಾಡಲು ಪುರುಸೊತ್ತೇ ಇಲ್ಲ. ಇತ್ತ ಶುಕ್ರವಾರವೂ ಬಂತು. ಬಾಗಿಲಲ್ಲಿ ನಿಂತ ಸಾಹೇಬರ ಕಣ್ಣು ನೋಟಿನ ರಾಶಿಯಿಂದ ಕದಲಲಿಲ್ಲ.

"ಏನ್ರೀ, ನಿಮಗೆ ಸೊಂಟನೋವು."

"ಇಲ್ಲ ಸಾರ್."

"ಇದೆ. ಆದೇಶದಲ್ಲಿ ಬರೆದಾಗಿದೆ."

ಪ್ರಭಾರ ಸಾಹೇಬರ ಪಾಲಾಯಿತು. ಗುಮಾಸ್ತ ಉಸ್ಸೆಂದು ಕೀಲಿಮಣೆಯ ಮುಂದೆ ಕೂತ. ಅಷ್ಟರಲ್ಲಿ ಮಗಳು ಕೂಸನ್ನೆತ್ತಿಕೊಂಡು ನುಗ್ಗಿದಳು. ಸಾಹೇಬರು ಎಡಗೈಯಲ್ಲಿ ತಾವೇ ಗುಂಡಿ ಒತ್ತಿ ಬಲಗೈ ಚಾಚಿದರು.

"ಏನಾದ್ರೂ ಇಡಮ್ಮ."

"ನನ್ ಹತ್ರ ಇರೋದು ಇದೊಂದೇ," ಎಂದವಳೇ ಕೂಸನ್ನು ಅಂಗೈಗೆ ಹಾಕಿದಳು.

ಸಾಹೇಬರ ಮುಖ ಸುಣ್ಣವಾಯಿತು. ಆದರೆ ಆದೇಶಕ್ಕೆ ಸಹಿ ಹಾಕಿದವರು ಅವರೇ. ಕೂಸನ್ನು ಎದೆಗೆಳೆದುಕೊಂಡು ಗುರ್ರೆನ್ನುತ್ತ ಮೂರು ಸುತ್ತು ತಿರುಗಿದರು. ಕೂಸು ಕೇಕೆ ಹಾಕಿ ನಕ್ಕಿತು.

"ಓದಿ ಸಾರ್," ಎಂದ ಗುಮಾಸ್ತ, ಬೆರಳುಗಳನ್ನು ಸಜ್ಜಾಗಿಸಿಕೊಂಡು.

"ಹೆಣ್ಣು... ಹಲ್ಲಿಲ್ಲ... ನನ್ನ ಅಂಗಿ ಒದ್ದೆ."

ಗುಮಾಸ್ತ ಮೊಮ್ಮಗಳ ಹೆಸರು ಟೈಪು ಮಾಡಿ, ಅದರ ಮುಂದೆ ಮೂರನ್ನೂ ದಾಖಲಿಸಿದ. ಮಧ್ಯಾಹ್ನ ಮೂರೂ ಹತ್ತಕ್ಕೆ ಅವನ ಮೊಮ್ಮಗಳು ವಿಧಿವತ್ತಾಗಿ ಹುಟ್ಟಿದಳು. ನಾಲ್ಕಕ್ಕೆ ಲಸಿಕೆ ಬಿತ್ತು.

ಈಗ ಊರಿನಲ್ಲಿ ಮಕ್ಕಳು ಹುಟ್ಟುವುದು ಹೀಗೆಯೇ. ಕಚೇರಿ ವೇಳೆಯಲ್ಲಿ ಸಾಹೇಬರು ತಿರುಗುತ್ತಿರುತ್ತಾರೆ. ಅವಳಿಗಳಿಗೆ ಆರು ಸುತ್ತು. ಅದಕ್ಕೆ ಪ್ರತ್ಯೇಕ ಅರ್ಜಿ.