ನಂಬುವ ಹಾಗೆ ಸೋಲುವುದು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ನನಗೆ ದಕ್ಕಿದ್ದು ಮೊದಲರ್ಧ ಮಾತ್ರ. ಉಳಿದರ್ಧವನ್ನು ನನ್ನ ಗೆಳೆಯ ನೋಡಿಕೊಳ್ಳುತ್ತಿದ್ದ. ಅವನು ಬಸ್ ಕಂಡಕ್ಟರ್. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಿಗೂ “ತಾವು ಏನೋ ಯೋಚನೆಯಲ್ಲಿ ಮರೆತಿರಬೇಕು” ಎನ್ನುವವನು. ನಾನೋ, ಮೇಲಧಿಕಾರಿಯ ಬೀಳ್ಕೊಡುಗೆಯಲ್ಲಿ “ಇನ್ನಾದರೂ ಕಚೇರಿಗೆ ಒಳ್ಳೆಯದಾಗಲಿ” ಎಂದು ಹಾರೈಸಿದವನು. (ಮನಸ್ಸಿನಲ್ಲಿದ್ದದ್ದು ‘ನಿಮಗೆ’. ಬಾಯಿಗೆ ಬಂದದ್ದು ‘ಕಚೇರಿಗೆ’.) ಮರುದಿನ ಅವರ ಮನೆಗೆ ಹೋಗಿ, ಅದು ಹೊಗಳಿಕೆಯೆಂದು ಅವರನ್ನು ಒಪ್ಪಿಸಿ ಬಂದವನೂ ನನ್ನ ಗೆಳೆಯನೇ.

ಅವನು ಹೋಗಿ ಹನ್ನೆರಡು ದಿನವಾಗಿತ್ತು. ಅಂತ್ಯಕ್ರಿಯೆಯ ದಿನ ಗುಂಪಿನ ಹಿಂದೆ ನಿಂತು ಬಂದಿದ್ದೆ. ಅತ್ತಿಗೆಯೊಂದಿಗೆ, ಅಂದರೆ ಅವನ ಹೆಂಡತಿಯೊಂದಿಗೆ, ಒಂದು ಮಾತೂ ಆಡಿರಲಿಲ್ಲ. ಇನ್ನೂ ತಡ ಮಾಡಿದರೆ ಆ ಬಾಗಿಲು ತಟ್ಟುವ ಮುಖವೇ ನನಗೆ ಉಳಿಯುವುದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ದಿನಾ ಚಪ್ಪಲಿ ಹಾಕುವುದು, ಬಿಚ್ಚುವುದು, ಇಷ್ಟೇ ಆಗಿತ್ತು.

ನನ್ನಾಕೆ ನಾಲ್ಕು ಸಲ ಹೋಗಿ ಬಂದಿದ್ದಳು. ಭಾನುವಾರ ನನಗಾಗಿ ತರಬೇತಿ ಶಿಬಿರವನ್ನೇ ತೆರೆದಳು.

“ರೀ, ಹೇಗಿದ್ದೀರಿ ಅಂತ ಕೇಳಬೇಡಿ. ಹೇಗಿರ್ತಾರೆ, ಪಾಪ?”

“ಸರಿ.”

“ಎಲ್ಲ ಹಣೆಬರಹ ಅನ್ನಬೇಡಿ.”

“ಅನ್ನಲ್ಲ.”

“ಕಾಲ ಎಲ್ಲಾನೂ ಮರೆಸುತ್ತೆ ಅಂತಾನೂ ಅನ್ನಬೇಡಿ.”

“ಮತ್ತೇನನ್ನಲೇ? ಇದ್ದಬದ್ದ ಮಾತೆಲ್ಲ ನೀನೇ ಕಿತ್ಕೊಂಡ್ಯಲ್ಲ!”

“‘ನಾವಿದ್ದೀವಿ’ ಅನ್ನಿ. ಅಷ್ಟೇ. ಆಮೇಲೆ ಬಾಯಿ ಮುಚ್ಚಿ.”

ಒಂದೇ ಪದ. ದಾರಿಯುದ್ದಕ್ಕೂ ಜಪಿಸಿದೆ.

ಅತ್ತಿಗೆ ಬಾಗಿಲು ತೆಗೆದರು. ಒಳಗೆ ಗೂಟದಲ್ಲಿ, ಕೊರಳಪಟ್ಟಿ ಸವೆದ ಅವನ ಖಾಕಿ ಅಂಗಿ ನೇತಾಡುತ್ತಿತ್ತು. ಅದನ್ನು ನೋಡಿದ್ದೇ ತಡ, ಜಪಿಸಿದ್ದೆಲ್ಲ ಹಾರಿಹೋಯಿತು.

“ನೋಡಿ, ಹೇಳದೆ ಕೇಳದೆ ಹೊರಟುಬಿಟ್ರು,” ಎಂದರು ಅತ್ತಿಗೆ. “ಮೂವತ್ತು ವರ್ಷ ಜೊತೆಗಿದ್ದವಳಿಗೆ ಒಂದು ಮಾತು ಹೇಳಬಾರದಾ? ಇದನ್ನ ನಾನು ಯಾರ ಹತ್ರ ಹೇಳ್ಕೊಳ್ಳಲಿ?”

ನಾನು ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಇಪ್ಪತ್ತಾರು ವರ್ಷ ಕುಳಿತವನು. ಎದುರಿಗೆ ಅಳುಮುಖ ಕಂಡರೆ ನಾಲಿಗೆ ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡುತ್ತದೆ.

“ನಿಮ್ಮ ದೂರನ್ನು ಸ್ವೀಕರಿಸಲಾಗಿದೆ. ಸಂಬಂಧಪಟ್ಟವರಿಗೆ ಕಳುಹಿಸಲಾಗುವುದು,” ಎಂದೆ.

(ಸಂಬಂಧಪಟ್ಟವನು ಈಗ ಎಲ್ಲಿದ್ದಾನೆಂದು ಹೊಳೆದಾಗ, ಭೂಮಿ ಬಾಯಿಬಿಡಬಾರದೇ ಎನಿಸಿತು.)

ಅತ್ತಿಗೆ ನನ್ನನ್ನೇ ನೋಡಿದರು. ತುಟಿ ನಡುಗಿತು. ಅತ್ತೇಬಿಡುತ್ತಾರೆ ಎಂದುಕೊಂಡೆ. ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕುಳಿತರು.

“ಹಾಗಾದ್ರೆ ಬರ್ಕೊಳ್ಳಿ. ಒದ್ದೆ ಟವೆಲು, ಹಾಸಿಗೆ ಮೇಲೆ. ಬರ್ಕೊಂಡ್ರಾ? ಗೊರಕೆ. ‘ಗೊರಕೆ ನಂದಲ್ಲ, ನಿಂದು’ ಅಂತ ವಾದ ಬೇರೆ. ಆಮೇಲೆ ಭಾನುವಾರ. ಇದರಲ್ಲಿ ನೀವೂ ಆರೋಪಿ.”

“ನಾನಾ?”

“ವಾರಕ್ಕೊಂದು ರಜೆ. ಅವತ್ತೂ ನಿಮ್ಮನೇಲಿ ಚದುರಂಗ. ಬೇಗ ಗೆದ್ದು ಬನ್ನಿ ಅಂದ್ರೆ ಏನನ್ನೋರು ಗೊತ್ತಾ? ‘ಗೆಲ್ಲೋಕೆ ಹತ್ತು ನಿಮಿಷ ಸಾಕು ಕಣೇ. ಅವನು ನಂಬೋ ಹಾಗೆ ಸೋಲೋಕೆ ಎರಡು ಗಂಟೆ ಬೇಕು.’”

ಇಪ್ಪತ್ತು ವರ್ಷದ ನನ್ನ ದಿಗ್ವಿಜಯಗಳೆಲ್ಲ ಕೂತಲ್ಲೇ ಕುಸಿದವು. ಪ್ರತಿ ಸಲವೂ ಅವನು ತಲೆ ಕೆರೆದುಕೊಂಡು “ನಿನ್ನ ಬುದ್ಧಿಗೆ ಸಾಟಿಯಿಲ್ಲಪ್ಪ” ಎನ್ನುತ್ತಿದ್ದ. ನಾನು ಎದೆಯುಬ್ಬಿಸಿಕೊಂಡು ಗೇಟಿನವರೆಗೆ ಹೋಗಿ ಅವನನ್ನು ಕಳಿಸಿ ಬರುತ್ತಿದ್ದೆ. ವಾರವೆಲ್ಲ ಕಿಟಕಿಯಲ್ಲಿ ಬೈಸಿಕೊಳ್ಳುವವನಿಗೆ ಭಾನುವಾರ ಒಂದಾದರೂ ಗೆಲುವು ಬೇಕೆಂದು ಅವನಿಗೆ ಅನಿಸಿರಬೇಕು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

“ಶನಿವಾರ ಸಂಜೆ ಕೂತು ಸೋಲೋದನ್ನ ಅಭ್ಯಾಸ ಮಾಡೋರು,” ಎಂದರು ಅತ್ತಿಗೆ. “ನಾನು ನೀವಾಗಿ ಆಡಬೇಕಿತ್ತು.”

ಎದ್ದು ಹೋಗಿ ಹಾಸು ತಂದು ಕಾಯಿ ಜೋಡಿಸಿದರು. ನನ್ನ ಆಟ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಾನು ಕುದುರೆಗೆ ಕೈಹಾಕುವ ಮೊದಲೇ ಅದು ಇಳಿಯಬೇಕಾದ ಮನೆಗೆ ಕಾವಲು ಬಿದ್ದಿತ್ತು. ಹಾಲು ಕಾಯುವಷ್ಟು ಹೊತ್ತೂ ಆಗಲಿಲ್ಲ, ನನ್ನ ರಾಜ ಮೂಲೆಯಲ್ಲಿ ಸಿಕ್ಕಿಕೊಂಡ.

ಅತ್ತಿಗೆ ತಲೆಯೆತ್ತಿದರು. “ನನಗೆ ಸಮಾಧಾನ ಆಗಲಿ ಅಂತ ಬೇಕಂತಲೇ ಸೋತ್ರಿ, ಅಲ್ವಾ?”

ಜನ್ಮದಲ್ಲಿ ಮೊದಲ ಬಾರಿಗೆ, ಸಂದರ್ಭಕ್ಕೆ ತಕ್ಕ ಮಾತು ಸಮಯಕ್ಕೆ ಸರಿಯಾಗಿ ನನ್ನ ಬಾಯಿಗೆ ಬಂತು.

“ಹೌದು ಅತ್ತಿಗೆ.”

“ಸುಳ್ಳು,” ಎಂದರು, ಕಾಯಿಗಳನ್ನು ಮತ್ತೆ ಜೋಡಿಸುತ್ತ. “ಬೇಕಂತ ಸೋತು ಬಂದ ದಿನ ಅವರ ಮುಖ ಅರಳಿರ್ತಿತ್ತು. ನಿಮ್ಮದು ನೋಡಿ, ಹರಳೆಣ್ಣೆ ಕುಡಿದ ಹಾಗಿದೆ. ಸರಿಯಾಗಿ ಕೂತ್ಕೊಳ್ಳಿ. ಈ ಸಲ ಬಿಳಿ ನಿಮ್ಮದು.”